ಟೈರ್ ಮಾರುವ ಮೊದಲು ಸವೆದ ಕಾರಣ ಹೇಳಲಿ

ಸಂಪಾದಕರೇ,

ಮಳೆ ಹಿಡಿದ ಮೇಲೆ ಶಿರಾಡಿ ಘಾಟಿಯಲ್ಲಿ ಕಾರು ಜಾರಿ ಚರಂಡಿಗೆ ಇಳಿದ ಸುದ್ದಿ ನಿಮ್ಮ ಪತ್ರಿಕೆಯಲ್ಲಿ ಆಗಾಗ ಬರುತ್ತದೆ. ಕಾರಣ ಅಂತ ಬರೆಯುವುದು ಅತಿವೇಗ, ಇಲ್ಲಾಂದ್ರೆ ಹದಗೆಟ್ಟ ರಸ್ತೆ. ಎರಡೂ ಸುಳ್ಳಲ್ಲ. ಆದರೆ ಆ ಕಾರಿನ ಮುಂದಿನ ಟೈರ್ ಯಾವ ಸ್ಥಿತಿಯಲ್ಲಿತ್ತು ಅಂತ ಯಾರಾದರೂ ಬಗ್ಗಿ ನೋಡಿದರಾ? ನಾನು ಸಾರಿಗೆ ಸಂಸ್ಥೆಯ ಡಿಪೋ ಒಂದರ ಟೈರ್ ಸೆಕ್ಷನ್‌ನಲ್ಲಿ ದುಡಿದು ನಿವೃತ್ತನಾದವನು. ಯಾವ ಗಾಡಿ ಕಂಡರೂ ನನ್ನ ಕಣ್ಣು ಮೊದಲು ಹೋಗುವುದು ಅಲ್ಲಿಗೇ.

ಈಗ ಬರೆಯಲು ಕಾರಣ ನನ್ನ ಅಳಿಯನ ಕಾರು. ಹಾಸನದಿಂದ ಮಂಗಳೂರಿಗೆ ಕೆಲಸದ ಮೇಲೆ ಓಡಾಡುವ ಸಣ್ಣ ಗಾಡಿ. ಊರಿನ ಟೈರ್ ಅಂಗಡಿಯೊಂದರಲ್ಲಿ ‘ಮುಂದಿನವು ಎರಡೂ ಹೋಗಿವೆ, ನಾಲ್ಕೂ ಹಾಕಿಸಿಬಿಡಿ, ಆಫರ್ ಇದೆ’ ಅಂದರಂತೆ. ಯಾಕೆ ಹೋದವು ಅಂತ ಕೇಳಿದ್ದಕ್ಕೆ ‘ನಮ್ಮ ರೋಡೇ ಹಾಗಲ್ವಾ ಸಾರ್’ ಎಂಬ ಉತ್ತರ. ರೋಡು ನಾಲ್ಕೂ ಟೈರಿಗೆ ಒಂದೇ. ಹಿಂದಿನವು ಚೆನ್ನಾಗಿದ್ದು ಮುಂದಿನವು ಮಾತ್ರ ಹೀಗಾದದ್ದು ಹೇಗೆ?

ಮನೆ ಮುಂದೆ ನಿಲ್ಲಿಸಿ ಸ್ಟೀರಿಂಗನ್ನು ಪೂರ್ತಿ ಒಂದು ಕಡೆಗೆ ತಿರುಗಿಸಲು ಹೇಳಿದೆ. ಹಾಗೆ ತಿರುಗಿಸಿದರೆ ಟೈರಿನ ಒಳ ಅಂಚು ಕಣ್ಣಿಗೆ ಬೀಳುತ್ತದೆ, ಜಾಕ್ ಕೂಡ ಬೇಡ. ಹೊರಗಿನ ಅರ್ಧದಲ್ಲಿ ಗ್ರಿಪ್ ಚೆನ್ನಾಗಿಯೇ ಇತ್ತು. ಒಳಗಿನ ಎರಡು ಬೆರಳಗಲ ಮಾತ್ರ ಪೂರ್ತಿ ಬೋಳು. ಒಂದು ಕಡೆ ರಬ್ಬರ್ ಕೆಳಗಿನ ನೂಲಿನ ಪದರ ಇಣುಕುತ್ತಿತ್ತು. ಅಂಗೈಯನ್ನು ಒಳಗಿನಿಂದ ಹೊರಕ್ಕೆ ಸವರಿದೆ, ನುಣ್ಣಗಿತ್ತು. ಹೊರಗಿನಿಂದ ಒಳಕ್ಕೆ ಸವರಿದೆ, ಗರಗಸದ ಹಲ್ಲಿನ ಹಾಗೆ ಚುಚ್ಚಿತು. ಡಿಪೋದಲ್ಲಿ ನಮಗೆ ಇಷ್ಟೇ ಸಾಕಿತ್ತು. ಎರಡು ಮುಂದಿನ ಚಕ್ರಗಳ ಮೂತಿ ಹೊರಕ್ಕೆ ತಿರುಗಿಕೊಂಡಿದೆ, ಅಂದರೆ ಟೋ ಔಟ್ ಆಗಿದೆ ಅಂತ ಅರ್ಥ. ಚಕ್ರ ಉರುಳುವುದರ ಜೊತೆಗೆ ಅಡ್ಡಕ್ಕೂ ಉಜ್ಜಿಕೊಂಡು ಹೋಗುತ್ತದೆ. ಉಜ್ಜಿದ ಕಡೆ ಸವೆಯದೆ ಇನ್ನೇನಾಗುತ್ತದೆ?

ಸವೆತ ನೋಡಿದರೆ ರೋಗ ಸುಮಾರಾಗಿ ಗೊತ್ತಾಗುತ್ತದೆ. ನಡುವೆ ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿ. ಎರಡೂ ಅಂಚು ಸವೆದು ನಡು ಉಳಿದಿದ್ದರೆ ಗಾಳಿ ಕಮ್ಮಿ. ಅಲ್ಲಲ್ಲಿ ತಗ್ಗು ಬಿದ್ದು, ಓಡುವಾಗ ಗುಂಯ್ ಅಂತ ಸದ್ದು ಬಂದರೆ ಶಾಕ್ ಅಬ್ಸಾರ್ಬರ್ ಅಥವಾ ಬ್ಯಾಲೆನ್ಸಿಂಗ್ ಕಡೆ ನೋಡಬೇಕು. ಇದೇನೂ ದೊಡ್ಡ ವಿದ್ಯೆಯಲ್ಲ. ದಿನವೂ ಟೈರ್ ಬಿಚ್ಚುವವರಿಗೆ ಗೊತ್ತೇ ಇರುತ್ತದೆ. ಗಿರಾಕಿಗೆ ಹೇಳುವುದಿಲ್ಲ, ಅಷ್ಟೇ.

ಹೇಳಿದರೂ ‘ಅಲೈನ್‌ಮೆಂಟ್ ಮಾಡಿಸಿ’, ಅಂದರೆ ಚಕ್ರಗಳ ಕೋನ ಸರಿಮಾಡಿಸಿ, ಎನ್ನುವಲ್ಲಿಗೆ ನಿಲ್ಲುತ್ತದೆ. ನನ್ನ ತಕರಾರು ಇಲ್ಲೇ ಇರುವುದು. ಅಳಿಯ ಕೆಲವೇ ತಿಂಗಳ ಹಿಂದೆ ಅಲೈನ್‌ಮೆಂಟ್ ಮಾಡಿಸಿದ್ದ. ಪರಿಚಯದ ಮೆಕ್ಯಾನಿಕ್ ಹತ್ತಿರ ಗಾಡಿ ಎತ್ತಿಸಿ ನೋಡಿದರೆ ಚಕ್ರವನ್ನು ಕೆಳಗಿನಿಂದ ಹಿಡಿದಿಡುವ ಎರಡೂ ಲೋವರ್ ಆರ್ಮ್‌ಗಳ ಬುಷ್, ಅಂದರೆ ಕೀಲಿನ ರಬ್ಬರ್, ಹರಿದುಹೋಗಿವೆ. ಸಣ್ಣ ಸನ್ನೆಕೋಲು ಹಾಕಿ ಮೀಟಿದರೆ ಆರ್ಮ್ ಹಿಂದೆ ಮುಂದೆ ಆಡುತ್ತಿತ್ತು. ಬಲಗಡೆ ಚಕ್ರವನ್ನು ಎರಡೂ ಪಕ್ಕ ಹಿಡಿದು ಅಲುಗಿಸಿದರೆ ಸ್ಟೀರಿಂಗಿನ ಸರಳನ್ನು ಚಕ್ರಕ್ಕೆ ಜೋಡಿಸುವ ಕೀಲು, ಟೈ ರಾಡ್ ಎಂಡ್, ಕೂಡ ಟಕ್ ಟಕ್ ಅನ್ನುತ್ತಿತ್ತು. ಇಂಥ ಗಾಡಿ ಮೆಷಿನ್ ಮೇಲೆ ನಿಂತಾಗ ಸರಿಯಾಗಿಯೇ ಇರುತ್ತದೆ. ಪರದೆಯಲ್ಲಿ ಎಲ್ಲಾ ಹಸಿರು ತೋರಿಸುತ್ತದೆ. ರಸ್ತೆಗಿಳಿದು ಬ್ರೇಕ್ ಹಾಕಿದ ತಕ್ಷಣ ಚಕ್ರ ತನಗೆ ಬೇಕಾದ ಕಡೆ ತಿರುಗುತ್ತದೆ. ಬುಷ್ ನೋಡದೆ ಮಾಡಿದ ಅಲೈನ್‌ಮೆಂಟ್‌ಗೆ ದುಡ್ಡು ತೆಗೆದುಕೊಳ್ಳುವುದು ನ್ಯಾಯವಲ್ಲ.

ಇದರಲ್ಲಿ ಗಿರಾಕಿ ಕೇಳಬಹುದಾದದ್ದೂ ಇದೆ. ಅಲೈನ್‌ಮೆಂಟ್ ಮೆಷಿನ್‌ನಲ್ಲಿ ಕೆಲಸಕ್ಕೆ ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು ಎಂಬ ಎರಡೂ ಲೆಕ್ಕ ಇರುತ್ತದೆ. ಅದನ್ನು ಪ್ರಿಂಟ್ ತೆಗೆದು ಕೊಡಲು ಹೇಳಿ. ‘ಪ್ರಿಂಟರ್ ಕೆಟ್ಟಿದೆ’ ಅಂದರೆ ಪರದೆಯ ಫೋಟೋ ತೆಗೆದುಕೊಳ್ಳಿ. ಮುಂದಿನ ಸಲ ಯಾವ ಚಕ್ರ ಎಷ್ಟು ಹೊರಳಿದೆ ಅಂತ ಹೋಲಿಸಿ ನೋಡಬಹುದು. ಡಿಪೋದಲ್ಲಿ ಒಂದೊಂದು ಟೈರಿಗೂ ನಂಬರ್ ಇತ್ತು. ಯಾವ ಬಸ್ಸಿನ ಯಾವ ಜಾಗದಲ್ಲಿ ಎಷ್ಟು ಕಿಲೋಮೀಟರ್ ಓಡಿತು ಅಂತ ಬರೆದಿಡುತ್ತಿದ್ದೆವು. ಲಕ್ಷಗಟ್ಟಲೆ ಕೊಟ್ಟು ಕಾರು ತೆಗೆದುಕೊಂಡವರ ಹತ್ತಿರ ಟೈರ್ ಹಾಕಿಸಿದ ಬಿಲ್ ಕೂಡ ಇರುವುದಿಲ್ಲ.

ಕೊನೆಗೆ ಬುಷ್, ಟೈ ರಾಡ್ ಎಂಡ್ ಬದಲಾಯಿಸಿ, ಆಮೇಲೆ ಅಲೈನ್‌ಮೆಂಟ್ ಮಾಡಿಸಿದೆವು. ಟೈರ್ ಎರಡೇ ಸಾಕಾಯಿತು. ಅದರಲ್ಲೂ ಹುಡುಗರು ಹೊಸದನ್ನು ಮುಂದಕ್ಕೆ ಹಾಕಲು ಹೊರಟಿದ್ದರು. ಬಸ್ಸಿನಲ್ಲಿ ನಾವೂ ಹೊಸದನ್ನು ಮುಂದಕ್ಕೇ ಹಾಕುತ್ತಿದ್ದೆವು, ಹಿಂದೆ ಜೋಡಿ ಚಕ್ರ ಇರುತ್ತದಲ್ಲ. ಕಾರಿನ ಲೆಕ್ಕ ಬೇರೆ. ಹಿಂದಿನ ಟೈರಿನಲ್ಲಿ ಗ್ರಿಪ್ ಕಮ್ಮಿ ಇದ್ದರೆ ಒದ್ದೆ ತಿರುವಿನಲ್ಲಿ ಗಾಡಿಯ ಹಿಂಭಾಗ ಹೊರಕ್ಕೆ ಜಾರುತ್ತದೆ, ಸ್ಟೀರಿಂಗ್ ಹಿಡಿದವನಿಗೆ ಏನು ಮಾಡಬೇಕೆಂದೇ ತೋಚುವುದಿಲ್ಲ. ಅದಕ್ಕೆ ಹಿಂದಿನ ಎರಡನ್ನು ಮುಂದಕ್ಕೆ ತಂದು, ಹೊಸವನ್ನು ಹಿಂದಕ್ಕೆ ಹಾಕಿಸಿದೆ. ಅಂಗಡಿಯ ಹುಡುಗ ನನ್ನನ್ನು ವಿಚಿತ್ರವಾಗಿ ನೋಡಿದ. ನೋಡಲಿ ಬಿಡಿ.

ಕಾನೂನಿನ ಪ್ರಕಾರ ಕಾರಿನ ಟೈರಿನಲ್ಲಿ ಕನಿಷ್ಠ 1.6 ಮಿಲಿಮೀಟರ್ ಗ್ರಿಪ್ ಇರಬೇಕು. ಟೈರಿನ ಗೀರುಗಳ ಒಳಗೆ ಅಲ್ಲಲ್ಲಿ ಸಣ್ಣ ದಿಬ್ಬಗಳಿರುತ್ತವೆ. ಸವೆತ ಅದರ ಮಟ್ಟಕ್ಕೆ ಬಂದರೆ ಟೈರಿನ ಕಥೆ ಮುಗಿಯಿತು. ಬಸ್ಸು, ಟ್ಯಾಕ್ಸಿಗಳಿಗಾದರೆ ಎಫ್‌ಸಿ, ಅಂದರೆ ಗಾಡಿ ಓಡಲು ಯೋಗ್ಯ ಎಂಬ ಪ್ರಮಾಣಪತ್ರದ ತಪಾಸಣೆ, ಇದೆ. ಸ್ವಂತ ಕಾರಿನ ನೋಂದಣಿ 15 ವರ್ಷ ನಡೆಯುತ್ತದೆ. ಅಷ್ಟು ದಿನ ಹೊಗೆ ತಪಾಸಣೆ ಬಿಟ್ಟರೆ ಆ ಗಾಡಿಯನ್ನು ಪರೀಕ್ಷೆಗೆ ಒಯ್ಯಬೇಕಾಗಿಲ್ಲ. ಹೆಲ್ಮೆಟ್, ಬೆಲ್ಟ್ ನೋಡಲು ನಿಲ್ಲುವ ಪೊಲೀಸರು ಮಳೆಗಾಲಕ್ಕೆ ಮೊದಲು ಸಕಲೇಶಪುರದ ಹತ್ತಿರ ನಿಂತು ಟೈರಿನ ಒಳ ಅಂಚಿಗೊಂದು ಟಾರ್ಚ್ ಬಿಟ್ಟರೆ ಎಷ್ಟೋ ಕಾರುಗಳು ಘಾಟಿ ಇಳಿಯುವ ಮೊದಲೇ ನಿಲ್ಲುತ್ತವೆ. ಇನ್ನು ರಾತ್ರೋರಾತ್ರಿ ಹುಟ್ಟುವ ಹಂಪ್‌ಗಳ ವಿಷಯ. ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು ಅಂತ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುತ್ತದೆ. ನಮ್ಮೂರಿನವು ದಾಟುವಾಗ ಬುಷ್‌ಗಳ ಗತಿ ಏನು ಅಂತ ಬೇರೆ ಹೇಳಬೇಕಾಗಿಲ್ಲ.

ಗಾಳಿ ವಿಷಯ ಮಾತ್ರ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಪೆಟ್ರೋಲ್ ಬಂಕ್‌ನಲ್ಲಿ ಗಾಳಿ ಪುಕ್ಕಟೆ ಕೊಡಬೇಕು. ಕೊಡುತ್ತಾರೆ ಕೂಡ, ಹುಡುಗ ಊಟಕ್ಕೆ ಹೋಗದಿದ್ದರೆ. ಆದರೆ ಆ ಮೀಟರ್ ಸರಿ ಇದೆಯಾ? ಒಂದೇ ದಿನ ಬೆಳಿಗ್ಗೆ ಊರಿನ ಒಂದು ಬಂಕ್‌ನಲ್ಲಿ ಅಳಿಯನ ಕಾರಿಗೆ 33 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಹಾಕಿಸಿ, ಎದುರಿನ ಬಂಕ್‌ನಲ್ಲಿ ನೋಡಿದರೆ 28 ತೋರಿಸಿತು. ಯಾವುದನ್ನು ನಂಬುವುದು? ಗಾಡಿಗೆ ಎಷ್ಟು ಬೇಕು ಅಂತ ಡ್ರೈವರ್ ಬಾಗಿಲಿನ ಚೌಕಟ್ಟಿನಲ್ಲಿ ಚೀಟಿ ಅಂಟಿಸಿರುತ್ತಾರೆ. ಅದೂ ತಣ್ಣಗಿರುವ ಟೈರಿನ ಲೆಕ್ಕ. ಓಡಿ ಬಿಸಿಯಾದ ಮೇಲೆ ಅಳೆದರೆ ಜಾಸ್ತಿ ತೋರಿಸುತ್ತದೆ. ಚೀಟಿ ನೋಡದೆ ‘ಮೂವತ್ತೈದು ಹಾಕ್ಲಾ ಸಾರ್’ ಎನ್ನುವ ಪದ್ಧತಿ ಎಲ್ಲೆಲ್ಲೂ ಇದೆ.

ಅದೇ ಬಂಕ್‌ನಲ್ಲಿ ಪೆಟ್ರೋಲ್ ಅಳತೆಯ ಮೇಲೆ ಅನುಮಾನ ಬಂದರೆ 5 ಲೀಟರ್ ಮಾಪನದಲ್ಲಿ ಅಳೆದು ತೋರಿಸಿ ಅಂತ ಕೇಳುವ ಹಕ್ಕು ನಮಗಿದೆ. ಕಾನೂನು ಮಾಪನಶಾಸ್ತ್ರ ಇಲಾಖೆಯವರು ಬಂದು ಪಂಪ್‌ಗೆ ಸೀಲ್ ಹಾಕುತ್ತಾರೆ. ಬಂದವರು ಹತ್ತು ಹೆಜ್ಜೆ ಆಚೆ ಇರುವ ಗಾಳಿ ಮೀಟರನ್ನೂ ಒಮ್ಮೆ ಪರೀಕ್ಷಿಸಿ, ದಿನಾಂಕ ಬರೆದು ಚೀಟಿ ಅಂಟಿಸಿ ಹೋಗಲಿ. ಹಾಸನ ಜಿಲ್ಲೆಯ ಅಧಿಕಾರಿಗಳ ಕಣ್ಣಿಗೆ ಈ ಪತ್ರ ಬಿದ್ದರೆ, ಘಾಟಿಗೆ ಇಳಿಯುವ ದಾರಿಯ ಬಂಕ್‌ಗಳಿಂದಲೇ ಶುರು ಮಾಡಬೇಕೆಂದು ಕೋರುತ್ತೇನೆ.

ನಿವೃತ್ತ ಡಿಪೋ ನೌಕರ, ಹಾಸನ