ಬೊಡ್ಡಜ್ಜನಿಗೂ, ಹಾಲಿನ ಡಬ್ಬಕ್ಕೆ ಸೀಟು ಬಿಟ್ಟವರಿಗೂ

ಮೊನ್ನೆ ನಮ್ಮ ಚಿಕ್ಕವನಿಗೆ ವರ್ಷ ತುಂಬಿತು. ತೂಕ 8 ಕಿಲೋ 100 ಗ್ರಾಂ. ಹುಟ್ಟಿದ ದಿನ 1 ಕಿಲೋ 340 ಗ್ರಾಂ ಇದ್ದ. ಈ ಎರಡು ಲೆಕ್ಕದ ನಡುವೆ ಎಷ್ಟು ಜನ ನಿಂತಿದ್ದಾರೆ ಅಂತ ರಾತ್ರಿ ಕೂತು ಎಣಿಸಿದೆ, ಮುಗಿಯಲೇ ಇಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಕೆಲವರ ಫೋನ್ ನಂಬರ್ ನನ್ನ ಹತ್ತಿರ ಇಲ್ಲ. ಒಬ್ಬ ಹುಡುಗನದ್ದು ಹೆಸರೇ ಗೊತ್ತಿಲ್ಲ. ಓದಿದವರು ಯಾರಾದರೂ ಅವರಿಗೆ ಮುಟ್ಟಿಸಿದರೆ ದೊಡ್ಡ ಉಪಕಾರ.

ಕಳೆದ ವರ್ಷ ಜೂನ್. ಹೆಂಡತಿಗೆ ಬಿಪಿ ಏರಿತು, ಮಾತ್ರೆಗೂ ಇಳಿಯಲಿಲ್ಲ. ಇನ್ನು ಕಾದರೆ ತಾಯಿಗೂ ಕಷ್ಟ, ಮಗುವಿಗೂ ಕಷ್ಟ ಅಂತ ಮಂಗಳೂರಿನ ಡಾಕ್ಟರು ಹೇಳಿದರು. 31 ವಾರಕ್ಕೇ ಆಪರೇಷನ್ ಆಯಿತು. ಮಗುವನ್ನು ನನಗೆ ಸರಿಯಾಗಿ ತೋರಿಸಲೂ ಸಮಯ ಇರಲಿಲ್ಲ, ನೇರ ಎನ್‌ಐಸಿಯುಗೆ, ಅಂದರೆ ಎಳೆ ಮಕ್ಕಳ ತೀವ್ರ ನಿಗಾ ಘಟಕಕ್ಕೆ ತೆಗೆದುಕೊಂಡು ಹೋದರು. ನಾನು ನೋಡಿದ್ದು ಒಂದು ಪಾದ ಮಾತ್ರ. ನನ್ನ ಹೆಬ್ಬೆರಳಿನಷ್ಟೇ ಇತ್ತು, ಅದರಲ್ಲಿ ಐದೂ ಉಗುರು ಇತ್ತು. ಆ ಉಗುರುಗಳನ್ನೇ ನೆನೆಸಿಕೊಂಡು ಹೊರಗೆ ಬೆಂಚಿನ ಮೇಲೆ ಬೆಳಗಾಗುವವರೆಗೆ ಕೂತಿದ್ದೆ.

ಮೊದಲ ವಾರ ಇದ್ದ ತೂಕವೂ ಇಳಿಯಿತು. 1 ಕಿಲೋ 220ಕ್ಕೆ ಬಂತು. ಹುಟ್ಟಿದ ಮೇಲೆ ಎಲ್ಲ ಮಕ್ಕಳೂ ಸ್ವಲ್ಪ ಇಳಿದು ಮತ್ತೆ ಏರುತ್ತವೆ ಅಂತ ಡಾಕ್ಟರು ಸಮಾಧಾನ ಹೇಳಿದರು. ಆದರೆ ಕಳೆದುಕೊಳ್ಳಲಿಕ್ಕೆ ಅವನ ಹತ್ತಿರ ಇದ್ದದ್ದಾದರೂ ಎಷ್ಟು, ಅಲ್ವಾ?

ಅಲ್ಲಿ ರಾತ್ರಿ ಪಾಳಿಯಲ್ಲಿ ಒಬ್ಬರು ಮಲಯಾಳಿ ಸಿಸ್ಟರ್ ಇದ್ದರು. ನಾವು ಕಾಸರಗೋಡು ಕಡೆಯವರು ಅಂತ ಗೊತ್ತಾದ ಮೇಲೆ ನನ್ನ ಹತ್ತಿರ ಮಲಯಾಳದಲ್ಲೇ ಮಾತು. ದಿನಾ ಬೆಳಿಗ್ಗೆ ಪಾಳಿ ಮುಗಿಸಿ ಹೋಗುವಾಗ ಬಾಗಿಲ ಹತ್ತಿರ ನಿಂತು ಹೇಳುವರು, "ಇನ್ನ್ 20 ಗ್ರಾಂ ಕೂಡಿ." ಇವತ್ತು 20 ಗ್ರಾಂ ಜಾಸ್ತಿ ಆಯಿತು ಅಂತ. ಏರದ ದಿನ ಇನ್ನೊಂದು ಮಾತು ಇತ್ತು, "ಪೇಡಿಕ್ಕಂಡ." ಹೆದರಬೇಡ. ನಮ್ಮ ಹೇಡಿ ಅನ್ನುವ ಮಾತಿನ ನೆಂಟನೇ ಇರಬೇಕು ಆ ಪೇಡಿ. ನಾನು ಮನೆಗೆ ಫೋನ್ ಮಾಡಿ ಸಿಸ್ಟರ್ ಹೀಗೆ ಹೇಳಿದರು ಅಂದರೆ, ಒಂದನೇ ಕ್ಲಾಸಿನ ಮಗಳು ಆಚೆಯಿಂದ ಕೇಳಿದಳು, "ಪೇಡ ಕಂಡನಾ? ತಮ್ಮ ಪೇಡ ಕಂಡನಾ?" ಅವಳಿಗೆ ಅದು ತಿನ್ನುವ ಪೇಡ! ಆ ದಿನ ನಾವು ಮೂವರೂ ಫೋನಿನಲ್ಲಿ ನಕ್ಕೆವು. ಹತ್ತು ದಿನದಲ್ಲಿ ಮೊದಲ ಸಲ. ಅಲ್ಲಿಂದ ಆ ಮಾತು ನಮ್ಮ ಮನೆಯ ಮಾತೇ ಆಗಿಹೋಯಿತು. ಕರೆಂಟು ಹೋದರೆ ಪೇಡಿಕ್ಕಂಡ, ಹೋಮ್‌ವರ್ಕ್ ಮರೆತರೆ ಪೇಡಿಕ್ಕಂಡ.

ಸಿಸ್ಟರ್, ನಿಮಗೆ ನಾನು ಸರಿಯಾಗಿ ನಮಸ್ಕಾರ ಹೇಳಲಿಲ್ಲ. ಡಿಸ್ಚಾರ್ಜ್ ದಿನ ನಿಮಗೆ ರಜೆ ಇತ್ತು. ಇಲ್ಲಿಂದಲೇ ಕೈಮುಗಿಯುತ್ತೇನೆ.

ಇನ್ನು ಹಾಲಿನ ಕಥೆ. ಹೆಂಡತಿಗೆ ಡಿಸ್ಚಾರ್ಜ್ ಆದ ಮೇಲೂ ಬಿಪಿ ಪೂರ್ತಿ ಹತೋಟಿಗೆ ಬಂದಿರಲಿಲ್ಲ. ಎರಡು ವಾರ ನಮ್ಮೂರು ನೀರ್ಚಾಲಿನ ಮನೆಯಲ್ಲೇ ಮಲಗಿರಬೇಕು ಅಂದರು. ಮಗು ಮಂಗಳೂರಿನಲ್ಲಿ. ಆದರೆ ಅಷ್ಟು ಬೇಗ ಹುಟ್ಟಿದ ಮಗುವಿಗೆ ತಾಯಿಯ ಹಾಲೇ ಮದ್ದು ಅಂತ ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು, ಕರುಳಿಗೆ ಸೋಂಕು ಆಗದ ಹಾಗೆ ಅದು ಕಾಯುತ್ತದಂತೆ. ಆಗ ಅವನು ಕುಡಿಯುತ್ತಿದ್ದದ್ದು ಹೊತ್ತಿಗೆ ಕೆಲವೇ ಮಿಲಿ, ಅದೂ ನಳಿಗೆಯಲ್ಲಿ. ಆ ಮಿಲಿಗಳನ್ನು ಮುಟ್ಟಿಸುವ ಕೆಲಸ ನನ್ನದು. ಪೇಟೆಯ ಮೆಡಿಕಲ್ ಶಾಪಿನವರು ಲಸಿಕೆ ಬಂದ ಥರ್ಮೋಕೋಲ್ ಡಬ್ಬ ಒಂದನ್ನು ಕೊಟ್ಟರು, ಐಸ್ ಪ್ಯಾಕ್ ಕೂಡ ಅವರದೇ. ದುಡ್ಡು ಮುಟ್ಟಲಿಲ್ಲ. ಬೆಳಿಗ್ಗೆ ನೀರ್ಚಾಲಿನಿಂದ ಬಸ್ಸಿನಲ್ಲಿ ಕುಂಬಳೆ, ಅಲ್ಲಿಂದ ರೈಲು. ಉಪ್ಪಳ, ಮಂಜೇಶ್ವರ, ಉಳ್ಳಾಲ, ನೇತ್ರಾವತಿ ಸೇತುವೆ, ಮಂಗಳೂರು ಸೆಂಟ್ರಲ್.

ಆ ರೈಲಿನಲ್ಲಿ ದಿನಾ ಹೋಗುವ ಸೀಸನ್ ಟಿಕೆಟಿನವರ ಒಂದು ಗುಂಪಿದೆ. ಬ್ಯಾಂಕಿನವರು, ಬಟ್ಟೆ ಅಂಗಡಿಯವರು, ಒಬ್ಬರು ವರ್ಕ್‌ಶಾಪಿನವರು. ಮೊದಲ ದಿನ ನಾನು ಡಬ್ಬವನ್ನು ಎದೆಗೆ ಒತ್ತಿಕೊಂಡು ನಿಂತಿದ್ದೆ. "ಡಬ್ಬದಲ್ಲಿ ಮೀನು ಉಂಟಾ?" ಅಂತ ಒಬ್ಬರು ಕೇಳಿದರು. ವಿಷಯ ಹೇಳಿದೆ. ಮರುದಿನದಿಂದ ಆ ಕಂಪಾರ್ಟ್‌ಮೆಂಟಿನಲ್ಲಿ ಕಿಟಕಿಯಿಂದ ದೂರದ, ಬಿಸಿಲು ಬೀಳದ ಮೂಲೆಯ ಸೀಟು ಡಬ್ಬಕ್ಕೆ! ಉಪ್ಪಳದಲ್ಲಿ ಜನ ನುಗ್ಗಿದರೂ "ಅಲ್ಲಿ ಕೂರಬೇಡಿ, ಅದು ಬಾಲೆಯ ಹಾಲು" ಅಂತ ಅವರೇ ಹೇಳುವರು. ತುಳುವಿನಲ್ಲಿ ಬಾಲೆ ಅಂದರೆ ಮಗು. ಸೇತುವೆ ಬಂತು ಅಂದರೆ ಒಬ್ಬರು ಗಡಿಯಾರ ನೋಡಿ "ಟೈಮ್ ಉಂಟು, ಟೈಮ್ ಉಂಟು" ಅನ್ನುವರು. ಮಗು ಉಷಾರುಂಟಾ ಅಂತ ತುಳುವಿನಲ್ಲಿ, ಕನ್ನಡದಲ್ಲಿ, ಮಲಯಾಳದಲ್ಲಿ, ಬ್ಯಾರಿಯಲ್ಲಿ, ಕೊಂಕಣಿಯಲ್ಲಿ ಕೇಳಿಸಿಕೊಂಡ ಅಪ್ಪ ನಾನು. ನಮ್ಮ ಊರಿಗೆ ಸಪ್ತಭಾಷಾ ಸಂಗಮ ಭೂಮಿ ಅಂತ ಭಾಷಣದಲ್ಲಿ ಹೇಳುತ್ತಾರಲ್ಲ, ನನಗೆ ಅದರ ಅರ್ಥ ಆದದ್ದು ಆ ಬೋಗಿಯಲ್ಲಿ.

ಹೆಸರು ಗೊತ್ತಿಲ್ಲ ಅಂದೆನಲ್ಲ, ಅವನ ವಿಷಯ ಹೇಳುತ್ತೇನೆ. ಒಂದು ದಿನ ಜೋರು ಗಾಳಿ ಮಳೆ, ಸೀತಾಂಗೋಳಿ ದಾಟಿದ ಮೇಲೆ ರಸ್ತೆಗೆ ಅಡ್ಡ ಮರ ಬಿದ್ದು ಬಸ್ಸು ನಿಂತುಬಿಟ್ಟಿತು. ರೈಲಿಗೆ ಇನ್ನು ಇಪ್ಪತ್ತು ನಿಮಿಷ. ನಾನು ಇಳಿದು ನಡೆಯಲಿಕ್ಕೆ ಶುರು ಮಾಡಿದೆ, ನಡೆದು ಮುಟ್ಟುವ ದೂರ ಅಲ್ಲ ಅಂತ ಗೊತ್ತಿದ್ದೂ. ಮರದ ಆಚೆಯಿಂದ ಒಬ್ಬ ಹುಡುಗ, ಕಾಲೇಜಿಗೆ ಹೋಗುವ ಪ್ರಾಯ ಇರಬೇಕು, ಬೈಕು ತಿರುಗಿಸಿ "ಹತ್ತಿ" ಅಂದ. ತನ್ನ ರೈನ್‌ಕೋಟು ಬಿಚ್ಚಿ ಡಬ್ಬಕ್ಕೆ ಸುತ್ತಿದ. ತಾನು ಪೂರ್ತಿ ಒದ್ದೆ. ಕುಂಬಳೆ ಸ್ಟೇಷನಿನಲ್ಲಿ ನಾನು ಓಡಿದೆ, ರೈನ್‌ಕೋಟು ಡಬ್ಬದ ಜೊತೆಯೇ ಬಂತು, ರೈಲು ಹೊರಟಿತು. ಹೆಸರು ಕೇಳಲಿಲ್ಲ. ಆ ನೀಲಿ ರೈನ್‌ಕೋಟು ಈಗಲೂ ನಮ್ಮ ಜಗಲಿಯ ಗೂಟದಲ್ಲಿ ಇದೆ ತಮ್ಮಾ. ಬಲಗೈ ತೋಳಿನ ಹತ್ತಿರ ಸ್ವಲ್ಪ ಹರಿದಿತ್ತು, ಅಮ್ಮ ಹೊಲಿದಿಟ್ಟಿದ್ದಾರೆ. ಬಂದು ತೆಗೆದುಕೊಂಡು ಹೋಗು. ಊಟ ಮಾಡಿಯೇ ಹೋಗಬೇಕು.

ಹೆಂಡತಿ ಹುಷಾರಾಗಿ ಆಸ್ಪತ್ರೆಗೆ ಬರುವವರೆಗೆ ಕಾಂಗರೂ ಆರೈಕೆಯೂ ನನ್ನದೇ. ಅಪ್ಪಂದಿರೂ ಮಾಡಬಹುದು ಅಂತ ನನಗೆ ಗೊತ್ತೇ ಇರಲಿಲ್ಲ. ಮಗುವಿಗೆ ಟೊಪ್ಪಿ, ನ್ಯಾಪ್ಕಿನ್ ಮಾತ್ರ ಹಾಕಿ ನಮ್ಮ ಬರಿ ಎದೆಗೆ ಒರಗಿಸಿ ಬಟ್ಟೆಯಲ್ಲಿ ಕಟ್ಟುತ್ತಾರೆ. ಒಂದು ಸಲ ಕೂತರೆ ಕಡಿಮೆ ಅಂದರೂ ಒಂದು ಗಂಟೆ ಏಳುವ ಹಾಗಿಲ್ಲ. ನಮ್ಮ ಮೈಯ ಶಾಖವೇ ಅವನಿಗೆ ಶಾಖ. ಮೊದಲ ದಿನ ನಾನು ಉಸಿರಾಡಲಿಕ್ಕೂ ಹೆದರಿದ್ದೆ. ಸ್ವಲ್ಪ ಹೊತ್ತಿಗೆ ಅವನ ಒಂದು ಕೈ ಬಿಡಿಸಿಕೊಂಡು ನನ್ನ ಎದೆಯ ಮೇಲೆ ಬಂತು, ಐದು ಬೆರಳೂ ಅಗಲಿಸಿ. ಅದರ ಭಾರ ಒಂದು ಹಣ್ಣೆಲೆಯಷ್ಟು ಕೂಡ ಇರಲಿಕ್ಕಿಲ್ಲ. ಆ ಜಾಗ ನನಗೆ ಈಗಲೂ ಗೊತ್ತು. ಅವಧಿಗೆ ಮುಂಚೆ ಮಗು ಹುಟ್ಟಿ ಹೆದರಿ ಕೂತಿರುವ ಅಪ್ಪಂದಿರು ಯಾರಾದರೂ ಇದನ್ನು ಓದುತ್ತಿದ್ದರೆ, ಡಾಕ್ಟರ ಹತ್ತಿರ ಕೇಳಿ, ಕೂತುಕೊಳ್ಳಿ. ಇನ್ನೊಂದು, ನಾಲ್ಕನೇ ವಾರದ ಹೊತ್ತಿಗೆ ಕಣ್ಣಿನ ರೆಟಿನಾ ಪರೀಕ್ಷೆ ಇರುತ್ತದೆ, ಅದನ್ನು ತಪ್ಪಿಸಬೇಡಿ. ನಮ್ಮವನದು ಚೆನ್ನಾಗಿದೆ.

ಅದೇ ಹೊತ್ತಿಗೆ ಇಲ್ಲಿ ತೋಟ. ಮಳೆಗಾಲದಲ್ಲಿ ಅಡಿಕೆಗೆ ಮದ್ದು ಬಿಡದಿದ್ದರೆ ಕೊಳೆರೋಗ ಬಂದು ಎಳೆಕಾಯಿ ಎಲ್ಲ ಉದುರುತ್ತದೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಮಳೆ ಎರಡು ದಿನ ಬಿಟ್ಟರೆ ಎಲ್ಲರಿಗೂ ಅದೇ ಎರಡು ದಿನ ಬೇಕು, ಕೊನೆಗೆ ಹತ್ತುವವರು ಸಿಗುವುದಿಲ್ಲ. ನಾನು ಆ ವರ್ಷದ ಅಡಿಕೆಯ ಆಸೆಯನ್ನೇ ಬಿಟ್ಟಿದ್ದೆ. ಒಂದು ಸಂಜೆ ಬಂದು ನೋಡಿದರೆ ಅಂಗಳದಲ್ಲಿ ಡ್ರಮ್ಮು, ಸುಣ್ಣದ ಕಲೆ, ಗೊನೆಗಳಲ್ಲೆಲ್ಲ ನೀಲಿ ಬಿಳಿ ಬಣ್ಣ. ನೆರೆಕರೆಯ ನಾಲ್ಕು ಜನ ತಮ್ಮ ತೋಟದ ಕೆಲಸ ಅರ್ಧಕ್ಕೆ ಬಿಟ್ಟು ನನ್ನದು ಮುಗಿಸಿದ್ದರು. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ಲೆಕ್ಕ ತಪ್ಪದೆ. ನಲವತ್ತೈದು ದಿನ ಕಳೆದು ಎರಡನೇ ಸಲದ್ದೂ ಅವರೇ ಬಿಟ್ಟರು. ಕೂಲಿ ಕೊಡಲಿಕ್ಕೆ ಹೋದರೆ, "ನಿನ್ನ ಮಗ ದೊಡ್ಡವನಾಗಿ ನಮ್ಮ ಮರ ಹತ್ತಲಿ" ಅಂದರು. ಆಸ್ಪತ್ರೆಯ ಬಿಲ್ಲಿನ ಒಂದು ಭಾಗ ಆ ಅಡಿಕೆಯಿಂದಲೇ ತೀರಿತು.

ಆಚೆಮನೆಯ ಉಮ್ಮನಿಗೆ ಏನು ಹೇಳಲಿ. ಮಗಳು ಶಾಲೆ ಬಿಟ್ಟು ಬಂದು ಬ್ಯಾಗು ಎಸೆಯುತ್ತಿದ್ದದ್ದು ಅವರ ಜಗಲಿಯಲ್ಲಿ. ತಲೆ ಬಾಚಿ ಎರಡು ಜಡೆ ಹಾಕಿದ್ದು ಅವರು. ಮೀನು ಮಾಂಸದ ಪಾತ್ರೆ ಬೇರೆ ಅಂತ ನಮಗಾಗಿ ಹೊಸ ಪಾತ್ರೆಯನ್ನೇ ತಂದು ಅದರಲ್ಲಿ ಪತ್ತಿರಿ, ಅಂದರೆ ಅಕ್ಕಿಯ ರೊಟ್ಟಿ, ಮಾಡಿ ಕಳಿಸಿದರು. ಐದು ಹೊತ್ತಿನ ನಮಾಜಿನಲ್ಲೂ ನಮ್ಮ ಮಗುವಿಗೆ ದುವಾ ಮಾಡಿದ್ದೇನೆ ಅಂತ ಒಂದೇ ಸಲ ಹೇಳಿದರು, ಅದೂ ಮಗು ಮನೆಗೆ ಬಂದ ಮೇಲೆ.

ನಮ್ಮ ಅಮ್ಮನ ಹರಕೆ ಮಧೂರಿಗೆ. ಮಧೂರಿನ ಗಣಪತಿಯ ಕಥೆ ಇಲ್ಲಿಯವರಿಗೆಲ್ಲ ಗೊತ್ತು. ದೇವಸ್ಥಾನ ಮದನಂತೇಶ್ವರನದ್ದು, ಅಂದರೆ ಶಿವನದ್ದು. ಅರ್ಚಕರ ಮನೆಯ ಹುಡುಗ ಆಟ ಆಡುತ್ತಾ ಗರ್ಭಗುಡಿಯ ತೆಂಕು ಗೋಡೆಯಲ್ಲಿ ಗಣಪತಿಯ ಚಿತ್ರ ಬರೆದನಂತೆ, ಅದು ದಿನದಿಂದ ದಿನಕ್ಕೆ ದಪ್ಪ ಆಗುತ್ತಾ ಹೋಯಿತಂತೆ, ಹುಡುಗ ಖುಷಿಯಲ್ಲಿ ಬೊಡ್ಡಜ್ಜ, ಅಂದರೆ ದಪ್ಪ ಅಜ್ಜ, ಅಂತ ಕರೆದನಂತೆ. ಅಮ್ಮ ನಲವತ್ತೊಂದು ದಿನವೂ ದೀಪದ ಎದುರು ಕೂತು ಕೇಳಿಕೊಂಡದ್ದು ಇಷ್ಟೇ: "ಬೊಡ್ಡಜ್ಜಾ, ನೀನು ಗೋಡೆಯಲ್ಲೇ ದಪ್ಪ ಆದವನು. ನನ್ನ ಪುಳ್ಳಿಯನ್ನೂ ದಪ್ಪ ಮಾಡು." ಪುಳ್ಳಿ ಅಂದರೆ ಮೊಮ್ಮಗು. ನಾನು ಫೋನಿನಲ್ಲಿ ಗ್ರಾಂ ಲೆಕ್ಕ ಹೇಳಿದರೆ ಅಮ್ಮ ಅದನ್ನು ಕ್ಯಾಲೆಂಡರಿನಲ್ಲಿ ಬರೆದು ದೇವರಿಗೆ ಓದಿ ಹೇಳುತ್ತಿದ್ದರು. ಆ ಕ್ಯಾಲೆಂಡರ್ ತೆಗೆದಿಟ್ಟಿದ್ದೇವೆ. 41ನೇ ದಿನದ ಚೌಕದಲ್ಲಿ 1960 ಅಂತ ಇದೆ, ಕೆಳಗೆ "ಬಂದ" ಅಂತ.

ಈಗ ಅವನು ಬೇಲಿ ಹಿಡಿದು ನಿಲ್ಲುತ್ತಾನೆ, ನಡೆಯುವುದಿಲ್ಲ. ವರ್ಷ ಆಯಿತಲ್ಲ, ಇನ್ನೂ ನಡೆಯಲಿಲ್ವಾ ಅಂತ ಕೆಲವರು ಕೇಳುತ್ತಾರೆ. ಇಂಥ ಮಕ್ಕಳ ಪ್ರಾಯವನ್ನು ಹುಟ್ಟಬೇಕಾಗಿದ್ದ ದಿನದಿಂದ ಲೆಕ್ಕ ಹಾಕಬೇಕಂತೆ, ಹಾಗೆ ನೋಡಿದರೆ ಇವನಿಗೆ ಹತ್ತು ತಿಂಗಳು. ಅವನ ಲೆಕ್ಕದಲ್ಲಿ ಅವನು ಸರಿಯಾಗಿಯೇ ಇದ್ದಾನೆ.

ಹುಟ್ಟುಹಬ್ಬಕ್ಕೆ ಕೇಕು ಬೇಡ, ಹರಕೆ ತೀರಿಸೋಣ ಅಂತ ಅಮ್ಮ. ಮಳೆ ಸ್ವಲ್ಪ ಬಿಟ್ಟ ದಿನ ನೋಡಿ ಹೊರಟೆವು. ಜೋರು ಮಳೆ ಬಂದರೆ ಮಧುವಾಹಿನಿ ದೇವಸ್ಥಾನದ ಅಂಗಳಕ್ಕೇ ಬಂದುಬಿಡುತ್ತದೆ, ಆ ದಿನ ಹೊಳೆ ಹೊಳೆಯಲ್ಲೇ ಇತ್ತು. ಗಣಪತಿಗೆ ಅಪ್ಪ ಅನ್ನುವ ಸಿಹಿತಿಂಡಿಯ ಸೇವೆ ಆಯಿತು. 2025ರಲ್ಲಿ ಮೂಡಪ್ಪ ಸೇವೆ ನಡೆದಾಗ, ಗಣಪತಿಯ ಸುತ್ತ ಅಪ್ಪ ತುಂಬಿಸುತ್ತಾರಲ್ಲ, ಆಗಲೂ ಅಮ್ಮ ಇಷ್ಟು ಹೊತ್ತು ಕೈಮುಗಿದು ನಿಂತಿರಲಿಲ್ಲ. ಪ್ರಸಾದದ ಬಿಸಿ ಅಪ್ಪ ಕೈಗೆ ಬಂದದ್ದೇ ಚಿಕ್ಕವನು ಅದನ್ನು ಎರಡೂ ಕೈಯಲ್ಲಿ ಹಿಡಿದು ಇದ್ದ ನಾಲ್ಕು ಹಲ್ಲಿನಲ್ಲಿ ಕಚ್ಚಿದ. ತುಪ್ಪ ಮೊಣಕೈವರೆಗೆ ಇಳಿಯಿತು. ಅಕ್ಕ ಕೇಳಿದಳು, "ಅಜ್ಜೀ, ಈಗ ಎಷ್ಟು ಗ್ರಾಂ ಜಾಸ್ತಿ ಆಯಿತು?"

ಮಗಳದ್ದೂ ಒಂದು ಹರಕೆ ಇತ್ತು. ಅದು ನಮಗೆ ಗೊತ್ತಾದದ್ದೇ ಮೊನ್ನೆ. ತಮ್ಮ ಮನೆಗೆ ಬಂದರೆ ಅವನಿಗೆ ಅನಂತಪುರದ ಮೊಸಳೆ ತೋರಿಸುತ್ತೇನೆ ಅಂತ ಹೇಳಿಕೊಂಡಿದ್ದಳಂತೆ. ನಾನು ಡಬ್ಬ ಹಿಡಿದು ಕುಂಬಳೆಗೆ ಹೋಗುವಾಗ ದಿನಾ ಬಸ್ಸಿನಿಂದಲೇ ಕೈಮುಗಿದ ದೇವಸ್ಥಾನ ಅದು, ಹೋಗದೆ ಇರಲಿಕ್ಕಾಗುತ್ತದಾ? ಕೆರೆಯ ನಡುವೆ ಗುಡಿ, ಅನಂತಪದ್ಮನಾಭ. ತಿರುವನಂತಪುರದ ಪದ್ಮನಾಭನಿಗೆ ಇದೇ ಮೂಲಸ್ಥಾನ ಅಂತ ನಂಬಿಕೆ. ಆ ಕೆರೆಯಲ್ಲೇ ಇದ್ದ ಬಬಿಯಾ ಅನ್ನುವ ಮೊಸಳೆ 2022ರ ಅಕ್ಟೋಬರಿನಲ್ಲಿ ತೀರಿಹೋಯಿತು, ಆಗ ಊರಿಗೆ ಊರೇ ಬಂದು ಹೂ ಹಾಕಿತ್ತು. ಮರುವರ್ಷ ನವೆಂಬರಿನಲ್ಲಿ ಅದೇ ಕೆರೆಯಲ್ಲಿ ಇನ್ನೊಂದು ಮರಿ ಕಾಣಿಸಿಕೊಂಡಿತು.

ಕೆರೆಯ ಮೂಲೆಯ ಗುಹೆಯ ಹತ್ತಿರ ಅಮ್ಮ ವಿಲ್ವಮಂಗಲ ಸ್ವಾಮಿಗಳ ಕಥೆ ಹೇಳಿದರು. ದೇವರೇ ಹುಡುಗನಾಗಿ ಬಂದು ಪೂಜೆಯ ಹೊತ್ತಿಗೆ ಕೀಟಲೆ ಮಾಡಿದನಂತೆ, ಸ್ವಾಮಿಗಳು ಸಿಟ್ಟಿನಲ್ಲಿ ಎಡಗೈಯಲ್ಲಿ ದೂಡಿದರಂತೆ, ಹುಡುಗ ಆ ಗುಹೆಯೊಳಗೆ ಮಾಯ ಆದನಂತೆ. ಮಗಳು ಕಣ್ಣು ಅಗಲಿಸಿ, "ಕೀಟಲೆ ಮಾಡಿದ್ದಕ್ಕೆ ದೂಡುವುದಾ? ಸಣ್ಣ ಮಗು ಅಲ್ವಾ?" ಅಂದಳು. ತಮ್ಮನ ಅಂಗಿಯನ್ನು ಗಟ್ಟಿ ಹಿಡಿದುಕೊಂಡಳು. ಅಷ್ಟು ಹೊತ್ತಿಗೆ ಅವನು ಅಜ್ಜಿಯ ಕನ್ನಡಕ ಎಳೆಯುತ್ತಿದ್ದ.

ಮೊಸಳೆ ಬರಲಿಲ್ಲ. ಅರ್ಧ ಗಂಟೆ ಕಾದೆವು. ಮಳೆ ಹನಿ ಬಿದ್ದಲ್ಲೆಲ್ಲ ನೀರು ಅಲ್ಲಾಡಿ, ಬಂತು ಬಂತು ಅನ್ನಿಸುತ್ತಿತ್ತು. ಹೊರಡೋಣ ಅಂದರೆ ಮಗಳು ಒಪ್ಪಲಿಲ್ಲ. ಕಟ್ಟೆಯ ಹತ್ತಿರ ಹೋಗಿ, ನಾನು ಹಿಂದಿನಿಂದ ಅವಳ ಫ್ರಾಕು ಹಿಡಿದುಕೊಂಡಿದ್ದೆ, ಗುಹೆಯ ಕಡೆ ಬಗ್ಗಿ ಮೆಲ್ಲಗೆ ಕರೆದಳು:

"ಪೇಡಿಕ್ಕಂಡ. ಹೊರಗೆ ಬಾ. ಇವನು ನನ್ನ ತಮ್ಮ. ನಾಲ್ಕೇ ಹಲ್ಲು ಇರುವುದು, ಕಚ್ಚುವುದಿಲ್ಲ."