ವೀಸಾ ತಂಡದ ಹೊಣೆ ಒಪ್ಪಿಸುವ ಮುನ್ನ

ಸ್ವತಂತ್ರ ತಂತ್ರಾಂಶವನ್ನು, ಅಂದರೆ ಯಾರು ಬೇಕಾದರೂ ಬಳಸಿ ತಿದ್ದಬಹುದಾದ ತಂತ್ರಾಂಶವನ್ನು, ಕಟ್ಟಿ ಬೆಳೆಸುವ ಕೊಡುಗೆದಾರರ ನಮ್ಮ ವಾರ್ಷಿಕ ಸಮ್ಮೇಳನ ಮುಗಿದು ಎರಡು ತಿಂಗಳಾಯಿತು. ಪ್ರಯಾಣ ಧನಸಹಾಯದ ಕೊನೆಯ ರಸೀದಿಯ ಹಣವೂ ಮೊನ್ನೆ ಪಾವತಿಯಾಯಿತು. ಅದರೊಂದಿಗೆ ವೀಸಾ ಮತ್ತು ಪ್ರಯಾಣ ತಂಡದಲ್ಲಿ ನಾನು ನಾಲ್ಕು ವರ್ಷಗಳಿಂದ ಹೊತ್ತಿದ್ದ ಹೊಣೆಯೂ ಮುಗಿಯಿತು. ಸಮ್ಮೇಳನದಲ್ಲಿ ಏನೇನು ನಡೆಯಿತು, ಯಾವ ಕೆಲಸ ಎಲ್ಲಿಗೆ ಬಂತು ಎಂಬುದು ನಿಮಗೆಲ್ಲ ತಿಳಿದೇ ಇದೆ. ಆದರೆ ವೀಸಾ ಬೇಕಿದ್ದ 23 ಮಂದಿಯಲ್ಲಿ 19 ಮಂದಿ ಬಂದು ತಲುಪಿದ್ದರ ಹಿಂದೆ ಯಾರ ದುಡಿಮೆ ಇತ್ತೆಂಬುದು ಸಭಾಂಗಣದಲ್ಲಿ ಕುಳಿತವರಿಗೆ ಕಾಣುವಂಥದ್ದಲ್ಲ. ಅದಕ್ಕಾಗಿ ಈ ಬರಹ.

ಆಹ್ವಾನ ಪತ್ರಗಳನ್ನು ಆರೇಳು ಭಾಷೆಗಳಿಗೆ ತಿರುಗಿಸಿಕೊಟ್ಟ ಅನುವಾದಕರಿಗೆ, ಪ್ರತಿ ಪತ್ರಕ್ಕೂ ಶಾಯಿಯಲ್ಲೇ ಸಹಿ ಹಾಕಿ ಅಂಚೆಗೆ ಕೊಟ್ಟ ಸ್ಥಳೀಯ ಸಂಘಟಕರಿಗೆ, ವಸತಿಯ ದೃಢೀಕರಣಗಳನ್ನು ಕೇಳಿದ ದಿನವೇ ಕಳಿಸಿದ ತಂಡಕ್ಕೆ, ಧನಸಹಾಯದ ಅರ್ಜಿಗಳನ್ನು ಹೆಸರು ನೋಡದೆ ಕೆಲಸವನ್ನಷ್ಟೇ ನೋಡಿ ಅಳೆದ ಸಮಿತಿಯವರಿಗೆ ನನ್ನ ಮನಃಪೂರ್ವಕ ವಂದನೆಗಳು.

ಈ ಬಾರಿ ಸಮ್ಮೇಳನ ಯುರೋಪಿನ ಷೆಂಗೆನ್ ವಲಯದಲ್ಲಿ, ಅಂದರೆ ಒಂದೇ ವೀಸಾದಲ್ಲಿ ಸುತ್ತಬಹುದಾದ ದೇಶಗಳ ಕೂಟದಲ್ಲಿ, ನಡೆದದ್ದರಿಂದ ಆ 29 ದೇಶಗಳಿಗೆ ಸಮಾನವಾದ ವೀಸಾ ನಿಯಮಗಳೇ ನಮ್ಮ ದಿನಚರಿಯಾದವು. ಪ್ರಯಾಣಕ್ಕೆ 6 ತಿಂಗಳು ಇರುವಾಗಿನಿಂದ 15 ದಿನ ಉಳಿದಿರುವವರೆಗೆ ಅರ್ಜಿ ಹಾಕಬಹುದು. ಸಾಮಾನ್ಯವಾಗಿ 15 ದಿನಗಳಲ್ಲಿ ತೀರ್ಮಾನ ಬರಬೇಕು, ಹೆಚ್ಚಿನ ಪರಿಶೀಲನೆ ಬೇಕೆನಿಸಿದರೆ ಅದು 45 ದಿನಗಳವರೆಗೂ ಎಳೆಯಬಹುದು. ಓದುವಾಗ ಈ ಅವಧಿ ಧಾರಾಳವಾಗಿ ಕಾಣುತ್ತದೆ. ಆದರೆ ಬೆರಳಚ್ಚು ಕೊಡಲು ಅಪಾಯಿಂಟ್‌ಮೆಂಟೇ ಸಿಗದೆ ವಾರಗಟ್ಟಲೆ ಕಾಯುವವರಿಗೆ, ತಮ್ಮ ದೇಶದಲ್ಲಿ ಆ ರಾಯಭಾರ ಕಚೇರಿಯೇ ಇಲ್ಲದೆ ನೆರೆಯ ದೇಶಕ್ಕೆ ಹೋಗಿ ಅರ್ಜಿ ಕೊಡಬೇಕಾದವರಿಗೆ ಒಂದೊಂದು ದಿನವೂ ಲೆಕ್ಕಕ್ಕೆ ಬರುತ್ತದೆ. ವಯಸ್ಕರ ಅರ್ಜಿ ಶುಲ್ಕ 2024ರ ಜೂನ್ 11ರಿಂದ 80 ಯೂರೊ ಇದ್ದದ್ದು 90 ಯೂರೊ ಆಗಿದೆ. ವೀಸಾ ಸಿಗದಿದ್ದರೂ ಆ ಹಣ ಹಿಂದಕ್ಕೆ ಬರುವುದಿಲ್ಲ. ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ, ಬ್ಯಾಂಕ್ ಸ್ಟೇಟ್‌ಮೆಂಟುಗಳು, ಉದ್ಯೋಗದ ಪತ್ರ, ಹಿಂತಿರುಗುವ ಪ್ರಯಾಣದ ಕಾಯ್ದಿರಿಸುವಿಕೆ, ಇವೆಲ್ಲ ಬೇರೆ. ಅಂದರೆ ಸಮ್ಮೇಳನಕ್ಕೆ ಹೋಗುತ್ತೇವೋ ಇಲ್ಲವೋ ತಿಳಿಯುವ ಮೊದಲೇ ಕೈಯಿಂದ ಹಣ ಹೋಗಿರುತ್ತದೆ.

ನಮ್ಮ ಖಜಾಂಚಿಯವರಿಗೆ ನಾವು ಎಷ್ಟು ಋಣಿಗಳೆಂಬುದನ್ನು ಇಲ್ಲಿಂದಲೇ ಹೇಳಬೇಕು. ಮೊದಲು ನಮ್ಮಲ್ಲಿದ್ದ ಪದ್ಧತಿಯೆಂದರೆ, ಕೊಡುಗೆದಾರರು ತಮ್ಮ ಹಣದಲ್ಲಿ ಎಲ್ಲವನ್ನೂ ಭರಿಸಿ, ಸಮ್ಮೇಳನ ಮುಗಿದ ಮೇಲೆ ರಸೀದಿ ಕೊಟ್ಟರೆ ನಾವು ಮರುಪಾವತಿ ಮಾಡುವುದು. ಲೆಕ್ಕಪತ್ರದ ದೃಷ್ಟಿಯಿಂದ ಇದು ಅಚ್ಚುಕಟ್ಟು. ಆದರೆ ಧನಸಹಾಯ ಮಂಜೂರಾದ ಮೇಲೂ ಬರಲಾಗದವರು ಪ್ರತಿ ವರ್ಷ ಇರುತ್ತಿದ್ದರು, ಮತ್ತು ಅವರು ಏಕೆ ಬರಲಿಲ್ಲವೆಂದು ನಾನಾಗಲಿ ಬೇರೆಯವರಾಗಲಿ ವಿಚಾರಿಸಿರಲಿಲ್ಲ. ಖಜಾಂಚಿಯವರು ಒಬ್ಬೊಬ್ಬರಿಗೂ ತಾವೇ ಪತ್ರ ಬರೆದು ವಿಚಾರಿಸಿದರು. ಒಬ್ಬರ ಉತ್ತರ ನನಗೆ ಇನ್ನೂ ನೆನಪಿದೆ: ಟಿಕೆಟಿನ ಬೆಲೆ ಅವರ ನಾಲ್ಕು ತಿಂಗಳ ಸಂಬಳವಾಗಿತ್ತು, ಮುಂದೊಂದು ದಿನ ವಾಪಸು ಬರುವ ಹಣಕ್ಕಾಗಿ ಸಾಲ ಮಾಡಲು ಅವರಿಗೆ ಧೈರ್ಯ ಸಾಲಲಿಲ್ಲ. ಮುಂದಿನ ಸಭೆಯಲ್ಲಿ ಖಜಾಂಚಿಯವರು ಆ ಉತ್ತರವನ್ನು ಓದಿ, ಟಿಕೆಟನ್ನು ನಾವೇ ಖರೀದಿಸಬೇಕು, ವೀಸಾ ಶುಲ್ಕ, ವಿಮೆ, ಬೆರಳಚ್ಚು ಕೊಡಲು ಹೋಗಿಬರುವ ಖರ್ಚು ಇವನ್ನು ಮುಂಗಡವಾಗಿ ಕೊಡಬೇಕು, ವೀಸಾ ನಿರಾಕರಣೆಯಾದರೆ ಆ ನಷ್ಟ ನಮ್ಮದಾಗಬೇಕು ಎಂದು ಹೇಳಿದರು. ವಿರೋಧ ಬಂತು, ಒಂದಿಷ್ಟು ನನ್ನಿಂದಲೂ ಬಂತು. ಅವರು ದನಿ ಏರಿಸದೆ, ಲೆಕ್ಕ ಮುಂದಿಟ್ಟು ಮೂರು ಸಭೆಗಳಲ್ಲಿ ಅದೇ ಮಾತನ್ನು ಹೇಳಿದರು. ಈ ವರ್ಷ ಬಂದ 19 ಮಂದಿಯಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಹಳೆಯ ಪದ್ಧತಿಯಲ್ಲಾಗಿದ್ದರೆ ಮನೆಯಿಂದ ಹೊರಡುತ್ತಿರಲಿಲ್ಲ.

ಇನ್ನು ಒಂದು ರಾತ್ರಿಯ ವಿಷಯ. ನಮ್ಮ ತಂತ್ರಾಂಶವನ್ನು ಹತ್ತು ವರ್ಷಗಳಿಂದ ತಮ್ಮ ಭಾಷೆಗೆ ಅನುವಾದಿಸುತ್ತಿರುವ ಒಬ್ಬ ಕೊಡುಗೆದಾರರಿಗೆ ಪಾಸ್‌ಪೋರ್ಟ್ ವಾಪಸು ಬಂದದ್ದು ಹೊರಡುವ ದಿನದ ಹಿಂದಿನ ಸಂಜೆ. ವೀಸಾ ಸಿಕ್ಕಿದೆಯೆಂಬ ಸಂತೋಷದಲ್ಲಿ ಅವರು ಆ ಪುಟದ ಚಿತ್ರ ತೆಗೆದು ನನಗೆ ಕಳಿಸಿದರು. ರಾತ್ರಿ ಹನ್ನೊಂದರ ಹೊತ್ತಿಗೆ ಅದನ್ನು ತೆರೆದು ನೋಡಿದೆ. ವೀಸಾ ಚೀಟಿಯಲ್ಲಿ ಮಾನ್ಯತೆ ಆರಂಭವಾಗುವ ದಿನ ಸಮ್ಮೇಳನದ ಮೊದಲ ದಿನವಾಗಿತ್ತು. ಟಿಕೆಟಿನ ಪ್ರಕಾರ ಅವರು ಇಳಿಯಬೇಕಿದ್ದದ್ದು ಅದರ ಹಿಂದಿನ ದಿನ. ಆ ಟಿಕೆಟ್ ಹಿಡಿದು ಹೋದರೆ ಅವರನ್ನು ವಿಮಾನ ಹತ್ತಿಸಿಕೊಳ್ಳುತ್ತಿರಲಿಲ್ಲ. ತಪ್ಪು ನನ್ನದು. ಸಮ್ಮೇಳನದ ಹಿಂದಿನ ದಿನ ಅನುವಾದಕರ ಕಾರ್ಯಾಗಾರ ಇದೆಯೆಂಬುದನ್ನು ನಾನು ಆಹ್ವಾನ ಪತ್ರದಲ್ಲಿ ಬರೆದಿರಲಿಲ್ಲ. ಎಲ್ಲ ದಾಖಲೆಗಳ ದಿನಾಂಕಗಳೂ ಪತ್ರಕ್ಕೆ ಹೊಂದಬೇಕೆಂದು ನಾನೇ ತಾಕೀತು ಮಾಡಿದ್ದರಿಂದ ಅವರು ಅರ್ಜಿಯಲ್ಲೂ ಅದೇ ದಿನಾಂಕ ತುಂಬಿದ್ದರು. ಟಿಕೆಟ್ ಮಾತ್ರ ಕಾರ್ಯಾಗಾರದ ದಿನಕ್ಕೆ ಖರೀದಿಯಾಗಿತ್ತು.

ಕೈಕಾಲು ತಣ್ಣಗಾಗಿ ಖಜಾಂಚಿಯವರಿಗೆ ಕರೆ ಮಾಡಿದೆ. ನಾನು ಕ್ಷಮೆ ಕೇಳುತ್ತಿದ್ದಾಗ ಅವರು ಅರ್ಧಕ್ಕೇ ತಡೆದು, “ಯಾರ ತಪ್ಪೆಂದು ನಾಳೆ ನೋಡೋಣ, ಈಗ ಆ ಪುಟದ ಚಿತ್ರ ನನಗೂ ಕಳಿಸಿ” ಎಂದರು. ಮಧ್ಯರಾತ್ರಿ ಕಳೆದ ಮೇಲೆ ಇಳಿಯುವ ವಿಮಾನ ಬೇಕಿತ್ತು. ನಾನು ಹುಡುಕಿದ ಮೊದಲ ಟಿಕೆಟ್ ಅಗ್ಗವಾಗಿಯೂ ಇತ್ತು, ಸಮಯಕ್ಕೂ ಹೊಂದುತ್ತಿತ್ತು. ಆದರೆ ಅದು ವಲಯದ ಹೊರಗಿನ ಒಂದು ದೇಶದ ಮೂಲಕ ಹೋಗುವುದನ್ನೂ, ಆ ಕೊಡುಗೆದಾರರ ದೇಶದವರಿಗೆ ಅಲ್ಲಿ ವಿಮಾನ ಬದಲಿಸಲೂ ಪ್ರತ್ಯೇಕ ವೀಸಾ ಬೇಕೆಂಬುದನ್ನೂ ಗಮನಿಸಿದವರು ಖಜಾಂಚಿಯವರೇ. ಅವರು ನೋಡದಿದ್ದರೆ ನಾನು ಒಂದು ತಪ್ಪಿನ ಮೇಲೆ ಇನ್ನೊಂದನ್ನು ಹೇರುತ್ತಿದ್ದೆ. ಎರಡನೆಯ ಟಿಕೆಟ್ ಸಿಕ್ಕಾಗ ಸಂಸ್ಥೆಯ ಕಾರ್ಡಿನ ಪಾವತಿಯನ್ನು ಬ್ಯಾಂಕ್ ಎರಡು ಬಾರಿ ತಡೆಯಿತು. ಅವರು ಮಾತಿಲ್ಲದೆ ತಮ್ಮ ಸ್ವಂತ ಕಾರ್ಡಿನಿಂದ ಹಣ ಕಟ್ಟಿದರು. ಆಗ ಬೆಳಗಿನ ಜಾವ ನಾಲ್ಕು ಗಂಟೆ. ನಾನು ಮಲಗಿದೆ, ಅವರು ಮಲಗಲಿಲ್ಲ. ಆಹ್ವಾನ ಪತ್ರ, ವಸತಿಯ ದೃಢೀಕರಣ, ವಿಮೆ, ಹಿಂತಿರುಗುವ ಟಿಕೆಟ್ ಎಲ್ಲವನ್ನೂ ಗಡಿ ತಪಾಸಣೆಯಲ್ಲಿ ಕೇಳಬಹುದಾದ ಕ್ರಮದಲ್ಲಿ ಜೋಡಿಸಿ, ಮುದ್ರಿಸಿಕೊಂಡೇ ಹೊರಡಬೇಕೆಂದು ಕೊಡುಗೆದಾರರಿಗೆ ಬರೆದು ಕಳಿಸಿದ್ದರು. ಮರುದಿನ ಮಧ್ಯರಾತ್ರಿ ಕಳೆದು ಕೊಡುಗೆದಾರರು ತಪಾಸಣೆ ದಾಟಿ ಹೊರಬಂದೆನೆಂದು ತಿಳಿಸುವವರೆಗೂ ಖಜಾಂಚಿಯವರು ಫೋನು ಕೈಯಲ್ಲಿ ಹಿಡಿದೇ ಇದ್ದರೆಂಬುದು ನನಗೆ ಆಮೇಲೆ ತಿಳಿಯಿತು.

ಕಾರ್ಯಾಗಾರ ಆ ಕೊಡುಗೆದಾರರಿಗೆ ತಪ್ಪಿತು. ಅದಕ್ಕಾಗಿ ನಾನು ಅವರಲ್ಲಿ ಇಲ್ಲಿ ಎಲ್ಲರೆದುರು ಮತ್ತೊಮ್ಮೆ ಕ್ಷಮೆ ಕೇಳುತ್ತೇನೆ.

ಬರಲಾಗದ ನಾಲ್ವರ ಬಗ್ಗೆ ಬರೆಯುವುದು ಕಷ್ಟ. ನಿರಾಕರಣೆ ಒಂದು ಮುದ್ರಿತ ನಮೂನೆಯಲ್ಲಿ ಬರುತ್ತದೆ. ಪಟ್ಟಿಯಲ್ಲಿರುವ ಕಾರಣಗಳಲ್ಲಿ ಯಾವುದೋ ಒಂದರ ಮುಂದೆ ಗುರುತು ಹಾಕಿರುತ್ತಾರೆ. ಅವರಲ್ಲಿ ಇಬ್ಬರ ನಮೂನೆಯಲ್ಲಿ ಗುರುತು ಬಿದ್ದದ್ದು, ವೀಸಾ ಅವಧಿ ಮುಗಿಯುವ ಮೊದಲು ಹಿಂತಿರುಗುವರೆಂಬುದರಲ್ಲಿ ಸಂದೇಹವಿದೆ ಎಂಬ ಸಾಲಿನ ಮುಂದೆ. ಲಕ್ಷಾಂತರ ಕಂಪ್ಯೂಟರುಗಳಲ್ಲಿ ಓಡುವ ತಂತ್ರಾಂಶವನ್ನು ವರ್ಷಗಳಿಂದ ಸಂಬಳವಿಲ್ಲದೆ ಕಾಯ್ದುಕೊಂಡು ಬಂದವರು, ತಾವು ಸ್ವಂತ ಮನೆಗೆ ಹಿಂತಿರುಗುತ್ತೇವೆಂದು ಅಪರಿಚಿತರಿಗೆ ರುಜುವಾತು ಮಾಡಬೇಕು, ಮಾಡಿದರೂ ಸಾಲದು. ಅವರಲ್ಲೊಬ್ಬರು ನನಗೆ ಬರೆದ ಪತ್ರದಲ್ಲಿ ಇದ್ದದ್ದು, ಸಂಸ್ಥೆಯ ಹಣ ವ್ಯರ್ಥವಾಯಿತಲ್ಲ ಎಂಬ ಸಂಕೋಚ ಮಾತ್ರ. ಅದನ್ನು ಓದಿ ನನಗೆ ಅಳು ತಡೆಯಲಾಗಲಿಲ್ಲ. ನೀವು ಸಂಕೋಚಪಡುವಂಥದ್ದು ಏನೂ ನಡೆದಿಲ್ಲ. ಅರ್ಜಿ ಹಾಕಿದ್ದಕ್ಕೆ, ರಜೆ ಹಾಕಿ ಸಾಲಿನಲ್ಲಿ ನಿಂತದ್ದಕ್ಕೆ, ಮನೆಯಿಂದಲೇ ಪರದೆಯ ಮೂಲಕ ನಿಮ್ಮ ಭಾಷಣ ಕೊಟ್ಟದ್ದಕ್ಕೆ ನಾಲ್ವರಿಗೂ ನನ್ನ ಕೃತಜ್ಞತೆಗಳು.

ಮುಂದಿನ ತಿಂಗಳಿನಿಂದ ಈ ಕೆಲಸವನ್ನು ಇಬ್ಬರು ಹೊಸಬರು ವಹಿಸಿಕೊಳ್ಳುತ್ತಿದ್ದಾರೆ. ಪತ್ರಗಳ ಮಾದರಿ, ಖರ್ಚಿನ ಲೆಕ್ಕ, ದಿನಾಂಕಗಳ ಪಟ್ಟಿ ಎಲ್ಲವೂ ಕಡತದಲ್ಲಿವೆ. ಕಡತದ ಮೊದಲ ಪುಟದಲ್ಲಿ ಖಜಾಂಚಿಯವರು ಒಂದು ಸಾಲು ಸೇರಿಸಿದ್ದಾರೆ: ಆಹ್ವಾನ ಪತ್ರ, ಅರ್ಜಿ, ಟಿಕೆಟ್ ಈ ಮೂರರ ದಿನಾಂಕಗಳನ್ನು ಇಬ್ಬರು ಬೇರೆಬೇರೆಯಾಗಿ ಓದಿ ನೋಡಬೇಕು. ಅದರಲ್ಲಿ ನನ್ನ ಹೆಸರನ್ನಾಗಲಿ ಆ ರಾತ್ರಿಯನ್ನಾಗಲಿ ಅವರು ಬರೆದಿಲ್ಲ. ಹೊಸಬರಲ್ಲಿ ನನ್ನದೊಂದು ಕೋರಿಕೆ ಇದೆ. ನಿರಾಕರಣೆಯಾದ ನಾಲ್ವರಲ್ಲಿ ಮೂವರು ಮುಂದಿನ ವರ್ಷ ಮತ್ತೆ ಅರ್ಜಿ ಹಾಕುವುದಾಗಿ ತಿಳಿಸಿದ್ದಾರೆ. 6 ತಿಂಗಳ ಅರ್ಜಿ ಅವಧಿ ತೆರೆಯುವ ದಿನ ಅವರ ಆಹ್ವಾನ ಪತ್ರಗಳನ್ನೇ ಮೊದಲು ಬರೆಯಿರಿ.