ಯಾರಿಗೆ ಬೇಕಾಗ್ಯದ ಎಂದು ಕೇಳಿದ ಮಗಳಿಗೆ

ಗದಗ

ಚಿರಂಜೀವಿ ಮಗಳಿಗೆ ಅಪ್ಪನ ಆಶೀರ್ವಾದ.

"ಮಕ್ರಾನ್ ಬಗ್ಗೆ ನಾ ಬರದದ್ದು ಯಾರಿಗೆ ಬೇಕಾಗ್ಯದ ಅಪ್ಪಾ? ಸೈಟೇಷನ್ನೇ ಇಲ್ಲ" ಎಂದು ನೀನು ಮೊನ್ನೆ ಫೋನಿನಲ್ಲಿ ಅಂದೆ. ಪಾಕಿಸ್ತಾನ, ಇರಾನ್ ದಂಡೆಯಾಚೆ ಸಮುದ್ರದಡಿ ಇರುವ ಆ ಭೂಕಂಪವಲಯದ ಬಗ್ಗೆ ನೀನು ಬರೆದದ್ದನ್ನು ಬೇರೆ ಸಂಶೋಧಕರು ಉಲ್ಲೇಖಿಸಿಲ್ಲ ಎಂಬ ಬೇಸರ ನಿನಗೆ. ಅದಕ್ಕೆ ನಿಂತ ನಿಲುವಿನಲ್ಲಿ ಉತ್ತರ ಕೊಡಲು ನನಗೆ ಮನಸ್ಸಾಗಲಿಲ್ಲ. ಇತಿಹಾಸ ಕಲಿಸಿದವನು ನಾನು, ನನಗೆ ತಿಳಿದ ದಾರಿಯಲ್ಲೇ ಹೇಳುತ್ತೇನೆ.

ಕೆಂಜಿ ಸತಾಕೆ ಎಂಬ ಜಪಾನಿನ ಭೂಭೌತವಿಜ್ಞಾನಿ ನಿನಗೆ ಗೊತ್ತಿರುವವರೇ. ಅಮೆರಿಕದ ವಾಯವ್ಯ ಕರಾವಳಿಯ ಕ್ಯಾಸ್ಕೇಡಿಯಾದಲ್ಲಿ ಸಮುದ್ರತಳದ ಫಲಕ, ಅಂದರೆ ಭೂಮಿಯ ಹೊರಚಿಪ್ಪಿನ ದೊಡ್ಡ ತುಂಡು, ಖಂಡದ ಅಡಿಗೆ ಇಳಿಯುತ್ತದೆ. ಅಲ್ಲಿ ದೊಡ್ಡ ಭೂಕಂಪವಾದ ಲಿಖಿತ ದಾಖಲೆ ಒಂದೂ ಇರಲಿಲ್ಲ. ಆ ಫಲಕ ಸದ್ದಿಲ್ಲದೆ ಜಾರಿಹೋಗುತ್ತದೆ ಎಂದೇ 1980ರ ದಶಕದ ಆರಂಭದಲ್ಲಿ ಅನೇಕರು ನಂಬಿದ್ದರು. 1984ರಲ್ಲಿ ಥಾಮಸ್ ಹೀಟನ್ ಮತ್ತು ಹಿರೋ ಕನಮೊರಿ ಎಂಬ ಭೂಕಂಪ ವಿಜ್ಞಾನಿಗಳು ಆ ನಂಬಿಕೆಯನ್ನು ಪ್ರಶ್ನಿಸಿದರು. ಭೂವಿಜ್ಞಾನಿ ಬ್ರಯಾನ್ ಅಟ್ವಾಟರ್ ವಾಷಿಂಗ್ಟನ್ ರಾಜ್ಯದ ಕೊಲ್ಲಿಗಳ ದಂಡೆ ಅಗೆದು ಕಂಡದ್ದನ್ನು 1987ರಲ್ಲಿ ಪ್ರಕಟಿಸಿದರು: ಹಳೆಯ ಹುಲ್ಲುನೆಲ ಉಪ್ಪುನೀರಿನ ಕೆಸರಿನಡಿ ಹೂತುಹೋಗಿತ್ತು. ನೆಲ ಒಮ್ಮೆಲೇ ಕುಸಿದು, ಉಪ್ಪುನೀರು ನುಗ್ಗಿ, ದಂಡೆಯ ಸೀಡರ್ ಮರಗಳು ನಿಂತಲ್ಲೇ ಸತ್ತಿದ್ದವು. ಅದು ಯಾವಾಗ ಎಂಬುದು ಮಾತ್ರ ಕೆಲವು ದಶಕಗಳ ಅಂದಾಜಿನಲ್ಲೇ ಉಳಿದಿತ್ತು.

ಆಗ ಸತಾಕೆ ಮತ್ತು ಸಂಗಡಿಗರು ತಮ್ಮ ದೇಶದ ಹಳೆಯ ದಫ್ತರಗಳ ಕಡೆ ನೋಡಿದರು. ಗೆನ್ರೊಕು ಶಕೆಯ 12ನೇ ವರ್ಷ, 12ನೇ ತಿಂಗಳ 8ನೇ ದಿನ ರಾತ್ರಿ ಜಪಾನಿನ ಪೂರ್ವ ಕರಾವಳಿಯಲ್ಲಿ ಸಮುದ್ರ ಉಕ್ಕಿ ಮನೆಗಳು, ಗದ್ದೆಗಳು ಹಾಳಾಗಿದ್ದವು. ನೆಲ ಮಾತ್ರ ನಡುಗಿರಲಿಲ್ಲ. ಮಿಹೊ ಎಂಬ ಹಳ್ಳಿಯ ಮುಖ್ಯಸ್ಥ ಅದನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದ. ತೆರೆ ಪೆಸಿಫಿಕ್ ದಾಟಲು ಬೇಕಾದ ಸುಮಾರು ಹತ್ತು ತಾಸನ್ನು ಹಿಂದಕ್ಕೆ ಎಣಿಸಿದಾಗ ಕ್ಯಾಸ್ಕೇಡಿಯಾದಲ್ಲಿ ಅದು 1700ರ ಜನವರಿ 26, ರಾತ್ರಿ ಒಂಬತ್ತರ ಆಸುಪಾಸು. ಜಪಾನಿನಲ್ಲಿ ತೆರೆ ಎದ್ದ ಎತ್ತರದಿಂದ ಭೂಕಂಪದ ತೀವ್ರತೆ ಸುಮಾರು 9 ಎಂದೂ ಲೆಕ್ಕ ಹಾಕಿದರು. 1996ರಲ್ಲಿ ಅದು ಪ್ರಕಟವಾಯಿತು. ಮರುವರ್ಷ ಸೀಡರ್ ಬೇರುಗಳ ಉಂಗುರ ಎಣಿಸಿದವರಿಗೆ ಸಿಕ್ಕ ಕೊನೆಯ ಬೆಳವಣಿಗೆ 1699ರದು! ಲಕ್ಕುಂಡಿಯ ಶಾಸನದಲ್ಲಿ ಶಕವರ್ಷ, ತಿಥಿ, ವಾರ ಮೂರೂ ಕೂಡಿಬಂದಾಗ ನನಗೆ ಎಷ್ಟು ಹಿಗ್ಗಾಗುತ್ತದೆ ಎಂಬುದನ್ನು ನೀನು ಕಂಡವಳು. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ವಾಷಿಂಗ್ಟನ್ ಕರಾವಳಿಯ ವೆಸ್ಟ್‌ಪೋರ್ಟ್ ಬಳಿ ಒಕೊಸ್ಟಾ ಪ್ರಾಥಮಿಕ ಶಾಲೆ ಇದೆ. 2016ರಲ್ಲಿ ಕಟ್ಟಿ ಮುಗಿಸಿದ ಅದರ ಮಾಳಿಗೆಯನ್ನು ಸುನಾಮಿ ಬಂದರೆ ಸುಮಾರು ಸಾವಿರ ಜನ ಹತ್ತಿ ನಿಲ್ಲಲೆಂದೇ ರೂಪಿಸಿದ್ದಾರೆ. ಅಂಥ ಕಟ್ಟಡ ಉತ್ತರ ಅಮೆರಿಕದಲ್ಲಿ ಅದೇ ಮೊದಲನೆಯದು. ಹಳ್ಳಿಯ ಮುಖ್ಯಸ್ಥನ ಬರಹ, ಸತ್ತ ಮರ, ಸತಾಕೆಯವರ ಲೆಕ್ಕ ಎಲ್ಲ ಕೂಡಿ ಆ ಮಾಳಿಗೆ ಎದ್ದಿದೆ. ನನ್ನ ಪಾಲಿಗೆ ಸಂಶೋಧನೆಯ ಫಲ ಎಂದರೆ ಅದು. ಅಲ್ಲಿ ಓದುವ ಮಕ್ಕಳಲ್ಲಿ ಎಷ್ಟು ಜನಕ್ಕೆ ಸತಾಕೆಯವರ ಹೆಸರು ಗೊತ್ತಿದ್ದೀತು ಹೇಳು?

ಆದರೆ ಎಲ್ಲ ಸಲ ಹೀಗಾಗುವುದಿಲ್ಲ ಮಗಳೇ. ಕ್ರಿ.ಶ. 869ರ ಸುನಾಮಿ ಈಶಾನ್ಯ ಜಪಾನಿನ ಸೆಂಡೈ ಬಯಲಿನಲ್ಲಿ ಒಳನಾಡಿನತನಕ ಮರಳು ಹಾಸಿಹೋಗಿದ್ದನ್ನು ಜಪಾನಿನ ವಿಜ್ಞಾನಿಗಳು ಪತ್ತೆ ಮಾಡಿದ್ದರು. ಅದರ ಲೆಕ್ಕವನ್ನೂ ಸತಾಕೆ ಮತ್ತು ಜೊತೆಯವರು 2008ರಲ್ಲಿ ಹಾಕಿದ್ದರು. ಆ ತಿಳಿವಳಿಕೆ ಊರೂರಿನ ಎಚ್ಚರವಾಗುವ ಮೊದಲೇ 2011ರ ಮಾರ್ಚ್ 11ರಂದು ಅಲ್ಲಿಗೆ ಮತ್ತೆ ಮಹಾಸುನಾಮಿ ಬಂತು. ಸತ್ತವರು, ಕಾಣೆಯಾದವರು ಸೇರಿ ಹದಿನೆಂಟು ಸಾವಿರಕ್ಕೂ ಹೆಚ್ಚು. ಲೆಕ್ಕ ಸರಿ ಇದ್ದೂ ಹೊತ್ತಿಗೆ ಮುಟ್ಟಲಿಲ್ಲ ಎಂಬುದು ನನ್ನನ್ನು ಬಹಳ ಕಾಡುತ್ತದೆ.

ಅದಕ್ಕೇ ಮಕ್ರಾನ್ ನಿನ್ನ ಕೈಗೆ ಬಂದದ್ದು ನನಗೆ ದೊಡ್ಡದಾಗಿ ಕಾಣುತ್ತದೆ. 1945ರ ನವೆಂಬರ್‌ನಲ್ಲಿ ಅದರ ಪೂರ್ವಭಾಗ ಸಿಡಿದಾಗ ತೆರೆ ಮುಂಬಯಿಯವರೆಗೂ ಬಂದು ಜೀವ ತೆಗೆಯಿತು. ಪಶ್ಚಿಮಭಾಗ ಸುಮ್ಮನಿದೆ. ಅದು ಜಾರುತ್ತಿದೆಯೋ, ಬಿಗಿದುಕೊಂಡು ಕೂತಿದೆಯೋ ಎಂದು ಕ್ಯಾಸ್ಕೇಡಿಯಾದ ಬಗ್ಗೆ ಆಗ ಕೇಳಿದ ಪ್ರಶ್ನೆಯನ್ನೇ ನೀವು ಈಗ ಕೇಳುತ್ತಿದ್ದೀರಿ. ಹೈದರಾಬಾದಿನ ಸುನಾಮಿ ಎಚ್ಚರಿಕೆ ಕೇಂದ್ರ 2007ರಿಂದ ಸುಮಾತ್ರಾದ ಜೊತೆಗೆ ಮಕ್ರಾನನ್ನೂ ಕಾಯುತ್ತಿದೆ. ಭೂಕಂಪವಾದ ಕೆಲವೇ ನಿಮಿಷದಲ್ಲಿ ಅವರು ತೆರೆಯುವುದು ಮೊದಲೇ ಹಾಕಿಟ್ಟ ತೆರೆಗಳ ಲೆಕ್ಕವನ್ನು. ಆ ಲೆಕ್ಕ ಸರಿ ಇರಬೇಕಾದರೆ ಫಲಕ ಎಲ್ಲಿ ಬಿಗಿದಿದೆ, ಎಷ್ಟು ಜಾರಬಲ್ಲದು ಎಂಬುದು ಗೊತ್ತಿರಬೇಕು. ನಿನ್ನ ಪ್ರಬಂಧ ಹುಡುಕುತ್ತಿರುವುದು ಅದನ್ನೇ ಅಲ್ಲವೇ?

ನಮ್ಮ ಗದಗಿಗೆ ಯಾವ ತೆರೆಯೂ ಬರುವುದಿಲ್ಲ. ಆದರೆ ಕಾರವಾರ, ಅಂಕೋಲಾದ ದಂಡೆ ಹುಬ್ಬಳ್ಳಿಯಿಂದ ಎಷ್ಟು ದೂರ? ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಲ್ಲಿ ಹೈಸ್ಕೂಲು ಮಾಸ್ತರನಾಗಿದ್ದಾನೆ. ಮಕ್ರಾನ್ ಬಗ್ಗೆ ಎರಡು ಪುಟ ಕನ್ನಡದಲ್ಲಿ ಬರೆದು ಕಳಿಸವ್ವಾ, ಅವನು ತರಗತಿಯಲ್ಲಿ ಓದಿಸುತ್ತಾನೆ. ಸಮುದ್ರ ಹಿಂದೆ ಸರಿದದ್ದು ಕಂಡರೆ ಏನು ಮಾಡಬೇಕು ಎಂಬುದನ್ನು ಮೊದಲ ಪುಟದಲ್ಲೇ ಹಾಕು. ದೀಪಾವಳಿಗೆ ಬಂದಾಗ ಇಬ್ಬರೂ ಕಾರವಾರಕ್ಕೆ ಹೋಗೋಣ, ಹುಡುಗರು ಕೇಳುವ ಪ್ರಶ್ನೆಗೆ ನೀನೇ ನಿಂತು ಉತ್ತರ ಹೇಳುವಿಯಂತೆ.

ನಿನ್ನ ಅಪ್ಪ